‘ಶಿವ’ ಇದ್ದಾಳೆ, ಕನ್ನಡವಿಲ್ಲ

ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರತ್ನಾಚಲ್ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 350 ಕಿ.ಮೀ., ಆರು ತಾಸಿನ ಹಾದಿ. ಕೆಲಸದ ಮೇಲೆ ಈ ಎರಡು ಊರುಗಳ ನಡುವೆ ಓಡಾಡುವ ನನ್ನಂಥವರಿಗೆ ಜಪಾನಿನ ರೋಲ್ ಪ್ಲೇಯಿಂಗ್ ಗೇಮ್ ಒಳ್ಳೆಯ ಸಂಗಾತಿ. ಹೆಚ್ಚಿನವಕ್ಕೆ ನೆಟ್‌ವರ್ಕ್ ಬೇಡ, ಆತುರವೂ ಬೇಡ. ಚದುರಂಗದ ಹಾಗೆ ನಿಮ್ಮ ಸರದಿ ಬಂದಾಗ ಆಡಿದರಾಯಿತು. ರಾಜಮಂಡ್ರಿ ಸ್ಟೇಷನ್ನಿನಲ್ಲಿ ನೀವು ಚಹಾ ಕುಡಿದು ಮುಗಿಸುವವರೆಗೂ ರಾಕ್ಷಸ ಸುಮ್ಮನೆ ಕಾಯುತ್ತಾನೆ.

ಈ ಬಗೆಯ ಆಟಕ್ಕೆ ರೂಪ ಕೊಟ್ಟಿದ್ದು 1986ರಲ್ಲಿ ಬಂದ ಯೂಜಿ ಹೋರಿಯ ‘ಡ್ರ್ಯಾಗನ್ ಕ್ವೆಸ್ಟ್’. ಮರುವರ್ಷವೇ ಹಿರೊನೊಬು ಸಕಾಗುಚಿಯ ‘ಫೈನಲ್ ಫ್ಯಾಂಟಸಿ’ ಬಂತು. ಸಣ್ಣ ತಂಡ ಕಟ್ಟಿಕೊಂಡು, ಊರೂರು ಸುತ್ತಿ, ಸಿಕ್ಕವರನ್ನೆಲ್ಲ ಮಾತಾಡಿಸಿ ಕಥೆಯನ್ನು ಮುಂದಕ್ಕೆ ಒಯ್ಯುವುದೇ ಆಟ. ನಲವತ್ತು, ಐವತ್ತು ಗಂಟೆ ಹಿಡಿಯುವ ಇವು ಒಂದರ್ಥದಲ್ಲಿ ಆಡುವ ಕಾದಂಬರಿಗಳು.

ಸರದಿಯ ಆಟದ ಕಾಲ ಮುಗಿಯಿತು ಎಂಬ ಮಾತು ಬಹಳ ದಿನ ಕೇಳಿಬಂತು. ‘ಫೈನಲ್ ಫ್ಯಾಂಟಸಿ’ಯೇ ಸರದಿ ಬಿಟ್ಟು ಕತ್ತಿ ಬೀಸುವ ವೇಗಕ್ಕೆ ಹೊರಳಿತು, 2023ರ ಅದರ 16ನೇ ಭಾಗವೂ ಅಂಥದ್ದೇ. ಆದರೆ 2024ರ ಅಕ್ಟೋಬರ್‌ನಲ್ಲಿ ಬಂದ ಅಟ್ಲಸ್ ಕಂಪನಿಯ ‘ಮೆಟಾಫರ್: ರೀಫ್ಯಾಂಟಾಜಿಯೊ’ ಮೊದಲ ದಿನವೇ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. 2025ರಲ್ಲಿ ದಿ ಗೇಮ್ ಅವಾರ್ಡ್ಸ್‌ನ ವರ್ಷದ ಶ್ರೇಷ್ಠ ಆಟ ಎನಿಸಿಕೊಂಡಿದ್ದು ‘ಎಕ್ಸ್‌ಪೆಡಿಶನ್ 33’. ಜಪಾನಿನ ಈ ಅಡುಗೆಯನ್ನು ಮಾಡಿ ಬಡಿಸಿದ್ದು ಫ್ರಾನ್ಸಿನ ಮಾಂಪೆಲಿಯೆ ಊರಿನ ತಂಡ.

ಈ ಊಟದಲ್ಲಿ ನಮ್ಮ ಪಾಲೆಷ್ಟು? ಪದಾರ್ಥದಲ್ಲಿ ಬೇಕಾದಷ್ಟಿದೆ. 1990ರ ಮೂರನೇ ಭಾಗದಿಂದಲೂ ‘ಫೈನಲ್ ಫ್ಯಾಂಟಸಿ’ಯಲ್ಲಿ ‘ಶಿವ’ ಇದ್ದಾಳೆ. ಹೌದು, ಹಿಮ ಸುರಿಸುವ ಹೆಣ್ಣು. 2004ರ ‘ಡಿಜಿಟಲ್ ಡೆವಿಲ್ ಸಾಗಾ’ದ ತುಂಬ ಕರ್ಮ, ಮಂತ್ರ, ಆತ್ಮಗಳೇ. ‘ಪರ್ಸೋನಾ’ ಸರಣಿಯಲ್ಲಿ ಗಣೇಶ, ವಿಷ್ಣು ಸಿಗುತ್ತಾರೆ. ಆದರೆ ಈ ದೊಡ್ಡ ಸರಣಿಗಳು ಯಾವುವೂ ಕನ್ನಡ, ತೆಲುಗಿನಲ್ಲಿ ಮಾತಾಡುವುದಿಲ್ಲ.

ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ಗುಂಡು ಹಾರಿಸುವ ಆಟಕ್ಕೆ ಭಾಷೆ ಅಷ್ಟಾಗಿ ಬೇಡ. ಫ್ರೀ ಫೈರ್ ಹಳ್ಳಿಹಳ್ಳಿ ಮುಟ್ಟಿದ್ದರಲ್ಲಿ ಅದರ ಪಾಲೂ ಇದೆ. ಕಥೆಯ ಆಟಕ್ಕೆ ಸಾಲುಸಾಲು ಓದಬೇಕು. ವಿಜಯವಾಡದಲ್ಲಿ ತೆಲುಗು ಮಾಧ್ಯಮದಲ್ಲಿ ಓದಿದ ಹುಡುಗ, ರಾಯಚೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿ ಇಬ್ಬರೂ ಮೊದಲ ಸಂಭಾಷಣೆಯಲ್ಲೇ ನಿಂತುಬಿಡುತ್ತಾರೆ. ಮೊಬೈಲು ಎಲ್ಲರ ಕೈಗೂ ಬಂದಿದೆ, ಕಥೆ ಮಾತ್ರ ಇಂಗ್ಲಿಷ್ ಬಲ್ಲವರಿಗೆ ಮೀಸಲು.

ತಾಂತ್ರಿಕ ಅಡ್ಡಿ ಈಗ ನೆಪ ಅಷ್ಟೆ. ಮೊದಲ ‘ಡ್ರ್ಯಾಗನ್ ಕ್ವೆಸ್ಟ್’ನ ಕಾರ್ಟ್ರಿಜ್ ಬರೀ 64 ಕೆಬಿ. ಜಾಗ ಸಾಲದೆ ಹೋರಿ ಕಟಕಾನಾ ಲಿಪಿಯ ಸುಮಾರು 20 ಅಕ್ಷರಗಳಲ್ಲೇ ಹೆಸರುಗಳನ್ನು ಹೊಂದಿಸಬೇಕಾಯಿತು. ನಮ್ಮ ತೊಡಕು ಬೇರೆ. ‘ಸ್ತ್ರೀ’ ಎಂದು ಬರೆಯಲು ಅಕ್ಷರಗಳನ್ನು ಪಕ್ಕಪಕ್ಕ ಇಟ್ಟರೆ ಸಾಲದು, ಒತ್ತು ಕೆಳಗೆ ಕೂರಬೇಕು, ಗುಣಿತ ಸೇರಬೇಕು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಈ ಜೋಡಣೆಯನ್ನು ಮಾಡುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುವುದು ಅದರಿಂದಲೇ. ಉಚಿತವಾಗಿ ಸಿಗುವ ಗೊಡೋ ಗೇಮ್ ಎಂಜಿನ್‌ನ 2023ರ ನಾಲ್ಕನೇ ಆವೃತ್ತಿಯಲ್ಲೂ ಅದಿದೆ. ಕನ್ನಡ, ತೆಲುಗು ಲಿಪಿಗಳು ಅಕ್ಕತಂಗಿಯರು. ಒಂದಕ್ಕೆ ಮಾಡಿದ ಕೆಲಸ ಬಹುಪಾಲು ಇನ್ನೊಂದಕ್ಕೂ ಆಗುತ್ತದೆ.

ಮಾರುಕಟ್ಟೆ ಇಲ್ಲ ಎನ್ನುವವರು ಲೆಕ್ಕ ನೋಡಲಿ. 2011ರ ಜನಗಣತಿಯಂತೆ ತೆಲುಗು ಮಾತೃಭಾಷಿಕರು 8.1 ಕೋಟಿ, ಕನ್ನಡಿಗರು 4.4 ಕೋಟಿ. ಒಟ್ಟು 12.5 ಕೋಟಿ, ಅಂದರೆ ಇವತ್ತಿನ ಇಡೀ ಜಪಾನಿನಷ್ಟು ಜನ. ಕಂಪನಿಗಳು ಎಣಿಸುವುದು ಕೊಳ್ಳುವವರನ್ನು ಎಂಬುದೂ ನಿಜ. 1996ರಲ್ಲಿ ಶುರುವಾದ ಪೋಕೆಮಾನ್‌ನ ಮುಖ್ಯ ಸರಣಿಯ ಆಟಗಳಿಗೆ ಚೀನೀ ಭಾಷೆ ಸೇರಲು 2016 ಬರಬೇಕಾಯಿತು. ‘ಪೋಕೆಮಾನ್ ಗೋ’ಗೆ ಹಿಂದಿ ಬಂದಿದ್ದು 2023ರಲ್ಲಿ. ಸಾಲಿನಲ್ಲಿ ನಿಂತು ಕಾದರೆ ನಮ್ಮ ಸರದಿ ಯಾವಾಗಲೋ.

ಕಾಯದೆಯೂ ಮಾಡಬಹುದು. ಜಪಾನಿನ ಹಳೆಯ ಆಟಗಳಿಂದ ಪ್ರೇರಿತವಾದ 2015ರ ‘ಅಂಡರ್‌ಟೇಲ್’ ಅನ್ನು ಟೋಬಿ ಫಾಕ್ಸ್ ಎಂಬ ತರುಣ ಹೆಚ್ಚುಕಡಿಮೆ ಒಬ್ಬರೇ ಮಾಡಿದರು. ವಿಶಾಖಪಟ್ಟಣದ ರುಷಿಕೊಂಡ ಗುಡ್ಡದ ಐಟಿ ಕಚೇರಿಗಳಲ್ಲಾಗಲಿ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ ಇಷ್ಟು ಕೋಡ್ ಬರೆಯಬಲ್ಲವರಿಗೆ ಬರವಿಲ್ಲ.

ಮಾದರಿಯೂ ಕಣ್ಣೆದುರೇ ಇದೆ. ವಿಜಯವಾಡದ ಪಕ್ಕದ ತೆನಾಲಿಯ ಚಕ್ರಪಾಣಿ, ನಾಗಿರೆಡ್ಡಿ ಜೊತೆ ಸೇರಿ 1947ರಲ್ಲಿ ‘ಚಂದಮಾಮ’ ಆರಂಭಿಸಿದರು. ತೆಲುಗು ಮಕ್ಕಳು ಓದಿದ ಕಥೆಯನ್ನೇ, ಅದೇ ಚಿತ್ರಗಳೊಡನೆ, ನಮ್ಮ ಅಪ್ಪ ಅಮ್ಮಂದಿರು ಕನ್ನಡದಲ್ಲಿ ಓದಿದರು. ಬೇತಾಳ ಪ್ರಶ್ನೆ ಕೇಳುವುದು, ವಿಕ್ರಮ ಉತ್ತರಿಸುವುದು, ಬೇತಾಳ ಮತ್ತೆ ಮರಕ್ಕೆ ಹಾರುವುದು: ಇದಕ್ಕಿಂತ ಒಳ್ಳೆಯ ಸರದಿಯ ಆಟ ಎಲ್ಲಿದೆ? ಎರಡು ಭಾಷೆಯಲ್ಲಿ ಒಟ್ಟಿಗೇ ಬರೆಯಲು ಯಾರಾದರೂ ಕೂತರೆ ಸಾಕು.