ಸಕ್ಕರೆ ಬಾರ್ಡರ್‌ನಲ್ಲಿದೆ ಅಂದರು

ಎತ್ತು ಮಾರಿದ ಮೇಲೆ ನೇಗಿಲ ಹಿಂದಿನ ನಡಿಗೆ ನಿಂತಿತು. ಹೊಲಕ್ಕೂ ಮೊಪೆಡ್ಡೇ. ಈ ಸಲ ರಕ್ತ ಪರೀಕ್ಷೆ ಮಾಡಿಸಿದರೆ, ಸಕ್ಕರೆ ‘ಬಾರ್ಡರ್‌ನಲ್ಲಿದೆ’ ಅಂದರು ಡಾಕ್ಟರು. ದುಡಿಯೋ ರೈತನಿಗೂ ಬರುತ್ತಾ ಅಂತ ಕೇಳಿದೆ. ನಗಬೇಡಿ, ನೀವೂ ಕೇಳ್ತಿದ್ರಿ.

ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ ಬಾರ್ಡರ್‌ನವರು 531 ಮಂದಿಯನ್ನು ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದೊಳಗೆ, ಮಾಮೂಲಿ ಸಲಹೆಯಷ್ಟೇ ಸಿಕ್ಕವರಲ್ಲಿ ನೂರಕ್ಕೆ 55 ಜನಕ್ಕೆ ಸಕ್ಕರೆ ಕಾಯಿಲೆ ಬಂದಿತ್ತು. ಊಟ ತಿದ್ದಿಕೊಂಡು ದಿನಾ ಅರ್ಧ ಗಂಟೆ ನಡೆಯಿರಿ ಅಂತ ಬೆನ್ನು ಹತ್ತಿ ಹೇಳಿಸಿಕೊಂಡವರಲ್ಲಿ 39. ಮಾತ್ರೆಯವರಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೊದಲೇ ಮೈಮುರಿದು ದುಡಿಯೋರಿಗೆ ಹೇಳಿದ್ದು, ಅದನ್ನೇ ಮುಂದುವರಿಸಿ ಅಂತ.

ನಾನು ಬಿಟ್ಟಿದ್ದೆನಲ್ಲ! ಈಗ ಹೊಲಕ್ಕೆ ನಡೆದೇ ಹೋಗ್ತೀನಿ. ರಾಗಿ ಅಂತ ಲೆಕ್ಕವಿಲ್ಲದೆ ಉಣ್ಣೋ ಹಾಗಿಲ್ಲವಂತೆ. ಎರಡು ಮುದ್ದೆ ಒಂದಾಗಿ, ಸೊಪ್ಪಿನ ಸಾರು ಹೆಚ್ಚಾಗಿದೆ. ಮೂರು ತಿಂಗಳಿಗೆ ಮತ್ತೆ ರಕ್ತ ಕೊಡಬೇಕು.