ಖಂಡೇಪೂಜೆಯ ಕತ್ತಿಯನ್ನು ತಿಕ್ಕಬೇಡಿ!

ಮಹಾನವಮಿ ಬಂತೆಂದರೆ ಚಿಕ್ಕೇರೂರು, ಹಿರೇಕೆರೂರು, ಹಾನಗಲ್ಲು ಸೀಮೆಯಲ್ಲಿ ಖಂಡೇಪೂಜೆಯ ಸಡಗರ. ಕುಡಗೋಲು, ಕೊಡಲಿಗಳ ಜೊತೆಗೆ ಕೆಲವು ಮನೆಗಳಲ್ಲಿ ಅಟ್ಟದ ಮೇಲಿನ ಹಳೆಯ ಕತ್ತಿಯೂ ಕೆಳಗಿಳಿಯುತ್ತದೆ. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ಅದನ್ನು ಫಳಫಳ ಹೊಳೆಯುವಂತೆ ತಿಕ್ಕುವ ಕೆಲಸ ಮಕ್ಕಳ ಪಾಲಿಗೂ ಬರುವುದುಂಟು. ಭಕ್ತಿಯಿಂದ ಮಾಡುವ ಈ ಕೆಲಸದಿಂದಲೇ ಕತ್ತಿಯ ಚರಿತ್ರೆ ಅಳಿಸಿಹೋಗಬಹುದು.

ಉಕ್ಕಿನ ಸಹಿ

ಹಳೆಯ ಉತ್ತಮ ಕತ್ತಿಗಳ ಮೈಮೇಲೆ ನೀರಿನ ಅಲೆಯಂತಹ ಸಣ್ಣ ಗೆರೆಗಳಿರುತ್ತವೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ಇಂಗಾಲ ಬೆರೆಸಿ ಕರಗಿಸಿದ ದಕ್ಷಿಣ ಭಾರತದ ಉಕ್ಕಿನ ಗುರುತು ಅದು. ಇಂಗ್ಲಿಷಿನ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದ. ಕಮ್ಮಾರನ ಮಗನಾದ ವಿಜ್ಞಾನಿ ಮೈಕೆಲ್ ಫ್ಯಾರಡೆಯೂ ಇದರ ಗುಟ್ಟು ಹುಡುಕಲು ಯತ್ನಿಸಿದ.

ಜಾವಾ ದ್ವೀಪದ ‘ಕ್ರಿಸ್’ ಎಂಬ ಕಿರುಗತ್ತಿಯ ಮೇಲೂ ಗೆರೆಗಳುಂಟು. ಆದರೆ ಅವು ಬೇರೆ ಬೇರೆ ಲೋಹದ ಪದರಗಳನ್ನು ಕಾಯಿಸಿ ಬಡಿದು ಕೂಡಿಸಿದ್ದರಿಂದ ಮೂಡಿದವು. ಕೆಲವು ಕ್ರಿಸ್‌ಗಳು ಹಾವಿನಂತೆ ಡೊಂಕು, ಕೆಲವು ನೇರ. ಡೊಂಕುಗಳ ಸಂಖ್ಯೆ ಮಾತ್ರ ಬೆಸವಾಗಿಯೇ ಇರುತ್ತದೆ. ಇಂಡೊನೇಷ್ಯಾದ ಈ ಕಲೆಯನ್ನು 2005ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆ ಎಂದು ಸಾರಿತು.

ಗುರುತಿಸುವುದು ಹೇಗೆ?

ಮೊದಲು ಹಿಡಿ ನೋಡಿ. ತುದಿಯಲ್ಲಿ ತಟ್ಟೆಯಂತಹ ಬಿಲ್ಲೆಯಿದ್ದು ಅಲಗು ಬಾಗಿದ್ದರೆ ಅದು ತಲವಾರ. ಅಗಲವಾದ ನೇರ ಅಲಗು, ಕೈ ಮುಚ್ಚುವ ಹಿಡಿ ಇದ್ದರೆ ಖಂಡಾ. ದೇಶಿ ಹಿಡಿಗೆ ಯುರೋಪಿನ ಅಲಗು ಕೂಡಿಸಿದ ಕತ್ತಿಗೆ ‘ಫಿರಂಗಿ’ ಎಂದು ಹೆಸರು. ಹೀಗೆ ಹಿಡಿ, ಅಲಗುಗಳ ಕಾಲ ಬೇರೆ ಬೇರೆ ಇರಬಹುದು. ಹಾನಗಲ್ಲಿನ ವೀರಗಲ್ಲುಗಳ ಎದುರು ನಿಂತು ವೀರರ ಕೈಯಲ್ಲಿನ ಆಯುಧಗಳನ್ನು ಗಮನಿಸಿ. ಅದೂ ಒಂದು ಪಾಠವೇ. ಇಂದು ಆಮ್ಲ ಹಾಕಿ ಗೆರೆ ಮೂಡಿಸಿದ ನಕಲಿಗಳೂ ಇವೆಯಾದ್ದರಿಂದ ಗೆರೆಯೊಂದನ್ನೇ ನಂಬಬಾರದು.

ಕಾಪಾಡುವ ಬಗೆ

ಇಟ್ಟಂಗಿ ಪುಡಿ, ಉಜ್ಜುಕಾಗದ ಗೆರೆಗಳನ್ನೂ ಕೆತ್ತಿದ ಅಕ್ಷರಗಳನ್ನೂ ಸವೆಸುತ್ತವೆ. ಉಳಿದ ಹುಳಿ ಹೊಸ ತುಕ್ಕು ತರುತ್ತದೆ. ಬೆವರಿನ ಉಪ್ಪೂ ಕಬ್ಬಿಣಕ್ಕೆ ಶತ್ರು. ಬರಿಗೈಯಿಂದ ಅಲಗು ಮುಟ್ಟಬೇಡಿ. ಒಣ ಹತ್ತಿಬಟ್ಟೆಯಿಂದ ಒರೆಸಿ, ಹೊಲಿಗೆಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿದರೆ ಸಾಕು. ಅಡುಗೆ ಎಣ್ಣೆ ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಚರ್ಮದ ಒರೆ ತೇವ ಹಿಡಿದಿಡುವುದರಿಂದ ಕತ್ತಿಯನ್ನು ಅದರಿಂದ ಹೊರಗಿಡುವುದು ಲೇಸು. ಜಾವಾದಲ್ಲಿ ಕ್ರಿಸ್ ತೊಳೆಯಲು ನಿಂಬೆರಸದೊಡನೆ ಪಾಷಾಣ ಬಳಸುತ್ತಾರೆ. ಅದು ನುರಿತವರ ಕೆಲಸ, ಮನೆಯಲ್ಲಿ ಅನುಕರಿಸಲೇಬಾರದು.

ಕಾನೂನೂ ತಿಳಿದಿರಲಿ. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ಇಂತಹ ವಸ್ತು ಪುರಾತನ ವಸ್ತು. ಖಾಸಗಿಯವರು ಅದನ್ನು ಪರದೇಶಕ್ಕೆ ಸಾಗಿಸುವಂತಿಲ್ಲ. ಹೊಲ ಉಳುವಾಗ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ಕತ್ತಿಗಳಿಗೆ 1959ರ ಆಯುಧ ಕಾಯಿದೆಯೂ ಅನ್ವಯಿಸಬಹುದಾದ್ದರಿಂದ ಮೆರವಣಿಗೆಗೆ ಒಯ್ಯುವ ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ವಿದ್ಯಾರ್ಥಿಗಳೇ, ಈ ಸಲ ಹಿರಿಯರ ಎದುರಿನಲ್ಲೇ ಕತ್ತಿಯ ಉದ್ದ ಅಳೆದು, ಫೋಟೊ ತೆಗೆದು, ಅದು ಮನೆಗೆ ಬಂದ ಕಥೆಯನ್ನು ಅಜ್ಜ-ಅಜ್ಜಿಯಿಂದ ಕೇಳಿ ಬರೆದಿಡಿ. ತುಕ್ಕು ಹಿಡಿದ ಕತ್ತಿಯನ್ನಾದರೂ ತಜ್ಞರು ಉಳಿಸಬಲ್ಲರು; ಕೇಳದೆ ಬಿಟ್ಟ ಕಥೆಯನ್ನು ಯಾರೂ ಮರಳಿ ತರಲಾರರು.