ಗ್ರಾಂಟ್ ರೋಡ್ ಚಾಳ್‌ಗಳ ಹಳೆಯ ವಿದ್ಯುತ್ ಸಲಕರಣೆ: ಗುಜರಿ ಸೇರುವ ಮುನ್ನ ಒಂದಿಷ್ಟು ಉಳಿಸೋಣ

ಮುಂಬಯಿ: ಗ್ರಾಂಟ್ ರೋಡ್‌ನ ಹಳೆಯ ಚಾಳ್‌ಗಳಲ್ಲಿ ಬಾಳಿದ ತುಳು-ಕನ್ನಡಿಗರು ಮೆಟ್ಟಿಲ ಕೆಳಗಿನ ಆ ಕತ್ತಲೆ ಮೂಲೆಯನ್ನು ಮರೆತಿರಲಾರರು. ಮರದ ಹಲಗೆಯ ಮೇಲೆ ಸಾಲು ಮೀಟರ್‌ಗಳು, ಪಕ್ಕದಲ್ಲಿ ಬಿಳಿ ಪಿಂಗಾಣಿಯ ಫ್ಯೂಸ್‌ಗಳು. ರಾತ್ರಿ ದೀಪ ಆರಿದರೆ ಮೇಣದಬತ್ತಿ ಹಿಡಿದು ಇಲ್ಲಿಗೇ ಇಳಿಯಬೇಕಿತ್ತು. ಈಗ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರಾಭಿವೃದ್ಧಿಗೆ ಒಳಗಾಗುತ್ತಿದ್ದು, ಈ ಸಲಕರಣೆಗಳೂ ಸದ್ದಿಲ್ಲದೆ ಗುಜರಿ ಸೇರುತ್ತಿವೆ.

ಈ ಮಹಾನಗರದಲ್ಲಿ ವಿದ್ಯುದ್ದೀಪ ಮೊದಲು ಬೆಳಗಿದ್ದು 1882ರಲ್ಲಿ, ಕ್ರಾಫರ್ಡ್ ಮಾರ್ಕೆಟಿನಲ್ಲಿ. ಆದರೆ ಮರುವರ್ಷವೇ ಆ ಕಂಪನಿ ಮುಚ್ಚಿ, ಮಾರುಕಟ್ಟೆಗೆ ಮತ್ತೆ ಗ್ಯಾಸ್ ದೀಪವೇ ಬಂತು. 1905ರಲ್ಲಿ ಬಾಂಬೆ ಇಲೆಕ್ಟ್ರಿಕ್ ಸಪ್ಲೈ ಆ್ಯಂಡ್ ಟ್ರಾಮ್‌ವೇಸ್ ಕಂಪನಿ ಸ್ಥಾಪನೆಯಾಯಿತು. ಆ ವರ್ಷದ ನವೆಂಬರಿನಲ್ಲಿ ವಾಡಿ ಬಂದರಿನ 4,300 ಕಿಲೋವ್ಯಾಟ್ ಸ್ಥಾವರ ಆರಂಭಗೊಂಡಿತು. 1907ರ ಮೇ 7ರಂದು ವಿದ್ಯುತ್ ಟ್ರಾಮ್ ಓಡಿತು. 1915ರಲ್ಲಿ ಖೋಪೋಲಿಯಿಂದ ಟಾಟಾ ಜಲವಿದ್ಯುತ್ ಹರಿದು ಬಂತು. 1928ರ ಜನವರಿಯಲ್ಲಿ ಕೊಲಾಬಾ-ಬೊರಿವಲಿ ನಡುವೆ ವಿದ್ಯುತ್ ರೈಲು ಗ್ರಾಂಟ್ ರೋಡ್ ಮೂಲಕ ಸಾಗಿತು. 1947ರ ಆಗಸ್ಟ್ 7ರಂದು ಕಂಪನಿ ನಗರಪಾಲಿಕೆಯ ಸ್ವಾಧೀನಕ್ಕೆ ಬಂದು, ಇಂದಿನ ಬೆಸ್ಟ್ ರೂಪುಗೊಂಡಿತು.

ಇದೇ ಕಾಲದಲ್ಲಿ ನಮ್ಮ ಜನ್ಮಭೂಮಿಯೂ ಹಿಂದೆ ಬಿದ್ದಿರಲಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತ್ತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಉರಿದವು.

ಸ್ಥಾವರ, ಟ್ರಾಮ್‌ಗಳ ಕಥೆ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಆ ಬೆಳಕು ನಮ್ಮ ಹತ್ತಡಿ ಕೋಣೆಗೆ ತಲುಪಿದ ಬಗೆಯನ್ನು ಹೇಳುವುದು ಮೆಟ್ಟಿಲ ಕೆಳಗಿನ ಸಲಕರಣೆಗಳೇ. ಪಿಂಗಾಣಿ ಫ್ಯೂಸಿನೊಳಗಿನ ತೆಳ್ಳನೆಯ ತಂತಿ, ಹೊರೆ ಹೆಚ್ಚಾದಾಗ ತಾನು ಕರಗಿ ಮನೆಯನ್ನು ಕಾಯುತ್ತಿತ್ತು. ಮೀಟರಿನ ಅಲ್ಯೂಮಿನಿಯಂ ತಟ್ಟೆ ಎರಡು ವಿದ್ಯುತ್ಕಾಂತಗಳ ನಡುವೆ ತಿರುಗುತ್ತಿತ್ತು. ಬಳಕೆ ಹೆಚ್ಚಿದಷ್ಟೂ ಅದರ ವೇಗ ಹೆಚ್ಚು. ತಾಮ್ರದ ಅಲಗಿನ ಸ್ವಿಚ್‌ಗಳನ್ನು ಕಪ್ಪು ಕಲ್ಲಿನ ಹಲಗೆಗೆ ಬಿಗಿಯುತ್ತಿದ್ದರು, ಏಕೆಂದರೆ ಕಲ್ಲು ಉರಿಯದು. ಗೋಡೆಯ ಮೇಲೆ ತಂತಿಗಳು ಗಾಡಿ ಕೊರೆದ ತೇಗದ ಪಟ್ಟಿಯೊಳಗೆ ಓಡುತ್ತಿದ್ದವು.

ಹಗಲು ಹೊಟೇಲುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರ ಬದುಕಿಗೆ ಈ ದೀಪದ ನಂಟಿದೆ. ಆದರೆ ತಾಮ್ರ, ಹಿತ್ತಾಳೆಗೆ ತೂಕದ ಬೆಲೆಯಿರುವುದರಿಂದ ಕಟ್ಟಡ ಕೆಡವುವಾಗ ಇವು ಮೊದಲು ಕಳಚಿ ಹೋಗುತ್ತವೆ. ಗ್ರಾಂಟ್ ರೋಡ್‌ನಿಂದ ನಡೆದು ಹೋಗುವಷ್ಟು ದೂರದ ಚೋರ್ ಬಜಾರಿನಲ್ಲಿ ಹಳೆಯ ಸ್ವಿಚ್, ಫ್ಯಾನ್‌ಗಳು ಮಾರಾಟಕ್ಕೆ ಸಿಕ್ಕರೂ, ಯಾವ ಚಾಳ್, ಯಾವ ಕೋಣೆಯದೆಂಬ ವಿವರ ಅಲ್ಲಿಗೆ ಬರುವಷ್ಟರಲ್ಲಿ ಅಳಿಸಿರುತ್ತದೆ.

ಬೆಸ್ಟ್ 1984ರಲ್ಲಿ ಕುರ್ಲಾ ಡಿಪೋದಲ್ಲಿ ತನ್ನ ವಸ್ತುಸಂಗ್ರಹಾಲಯ ಆರಂಭಿಸಿ, 1993ರಲ್ಲಿ ಅದನ್ನು ಆಣಿಕ್ ಡಿಪೋಗೆ ಸ್ಥಳಾಂತರಿಸಿತು. ಅಲ್ಲಿ ನಗರ ಸಾರಿಗೆಯ ಕಥೆಯಿದೆ. ನಮ್ಮ ಕೋಣೆಗಳ ಕಥೆಯನ್ನು ನಾವೇ ಉಳಿಸಬೇಕು.

ಸಂಘ-ಸಂಸ್ಥೆಗಳ ಕಚೇರಿಯಲ್ಲಿ ಒಂದು ಗಾಜಿನ ಕಪಾಟು ಸಾಕು. ಒಂದು ಸ್ವಿಚ್, ಒಂದು ಫ್ಯೂಸ್, ಜೊತೆಗೆ ಕಟ್ಟಡದ ಹೆಸರು, ವರ್ಷ, ಅಲ್ಲಿ ವಾಸವಿದ್ದವರ ನೆನಪಿನ ನಾಲ್ಕು ಸಾಲು. ಆದರೆ ಮೀಟರ್ ವಿದ್ಯುತ್ ಸಂಸ್ಥೆಯ ಸೊತ್ತು, ಅನುಮತಿಯಿಲ್ಲದೆ ಮುಟ್ಟಬಾರದು. ಉಳಿದವನ್ನೂ ಮಾಲಕರ ಒಪ್ಪಿಗೆ ಪಡೆದು, ಸಂಪರ್ಕ ಕಡಿತಗೊಂಡ ಬಳಿಕ ಪರವಾನಿಗೆಯುಳ್ಳ ಇಲೆಕ್ಟ್ರಿಷಿಯನ್‌ನಿಂದಲೇ ಬಿಚ್ಚಿಸಬೇಕು. ಕೆಲವು ಹಳೆಯ ಫ್ಯೂಸ್‌ಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಅಂಥವನ್ನು ಕೆರೆಯುವುದು, ಉಜ್ಜುವುದು ಅಪಾಯಕಾರಿ.

ಚಾಳ್ ಬಿಟ್ಟು ಉಪನಗರಗಳ ಫ್ಲಾಟ್‌ಗಳಿಗೆ ತೆರಳಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೇಳಬಲ್ಲವರಾಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಣ.